ಸಂಜೆ ಆರಕ್ಕೆ ಎಲ್ಲಿಗೆ ಹೋಗ್ಲಿ?

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮಡಿಕೇರಿಯ ಹುಡುಗ, ವಯಸ್ಸು 19, ಡಿಗ್ರಿ ಓದುತ್ತಿದ್ದ. ಶನಿವಾರ ಭಾನುವಾರ ಹೋಂಸ್ಟೇಯಲ್ಲಿ ಕೆಲಸ. ಅಲ್ಲಿ ಉಳಿದ ಬಾಟಲಿಗಳಿಂದಲೇ ಹಾಳಾದ ಅಂತ ಮನೆಯವರು ನಂಬಿದ್ದರು. ಈಗ ವಾರಕ್ಕೆ ಮೂರ್ನಾಲ್ಕು ದಿನ ಕುಡಿತ, ಆಗಾಗ ಗಾಂಜಾ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಅವನನ್ನು ಕರೆತಂದಾಗ ಅಮ್ಮನ ಜೊತೆ ಸೋದರಮಾವನೂ ಬಂದಿದ್ದರು. "ಆರು ತಿಂಗಳು ಕುಡಿತ ಬಿಡಿಸೋ ಯಾವುದಾದರೂ ಸೆಂಟರಿಗೆ ಹಾಕ್ಬಿಡಿ ಮೇಡಂ" ಅಂದರು.

ಪ್ರತಿ ಮಳೆಗಾಲ ಈ ಮಾತು ಕೇಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಭೇಟಿ ಜುಲೈಯಲ್ಲಿ. ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು, ಅವನ ಜರ್ಕಿನ್ ತೋಳಿನಿಂದ ನೀರು ನನ್ನ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಲಿವರ್, ಓದು, ಅಮ್ಮನ ಕಣ್ಣೀರು ಅಂತ ನಾನು ಹೇಳುತ್ತಾ ಹೋದೆ. ಎಲ್ಲ ಕೇಳಿಸಿಕೊಂಡ.

"ಬಿಡ್ತೀನಿ ಮೇಡಂ. ಬಿಟ್ಟ ಮೇಲೆ ಸಂಜೆ ಆರಕ್ಕೆ ಎಲ್ಲಿಗೆ ಹೋಗ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನೇ ಬೆರಳು ಮಡಚಿ ಎಣಿಸಿದ. ಮೈದಾನದಲ್ಲಿ ಕೆಸರು. ಮನೆಯಲ್ಲಿ ಕರೆಂಟ್ ಇಲ್ಲ. ಸಂಘದ ಹಾಲ್‌ಗೆ ಬೀಗ, ತೆರೆಯೋದು ಗಣೇಶನ ಹಬ್ಬಕ್ಕೆ. ಬಾಗಿಲು ತೆರೆದಿರೋದು ಗೆಳೆಯನ ರೂಮ್ ಒಂದೇ. "ಅಲ್ಲಿ ಬೆಚ್ಚಗಿರುತ್ತೆ. ಯಾರೂ ಬೈಯಲ್ಲ." ಆಮೇಲೆ ಬಾಗಿಲ ಕಡೆ ನೋಡಿ ಹೇಳಿದ, "ಮೊದಲ ಪೆಗ್ ಕೊಟ್ಟಿದ್ದು ಮಾವನೇ. ಮದುವೆ ಮನೇಲಿ. ಆಗ ನಾನು ಫಸ್ಟ್ ಪಿಯುಸಿ."

ಅವನನ್ನು ಕೇಳಿಯೇ ಮಾವನನ್ನು ಒಳಗೆ ಕರೆದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. 18 ತುಂಬದವರಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ ಅಂತ ತಿಳಿಸಿದೆ. ಹೆದರಿಸೋಕಲ್ಲ, ಮುಂದಿನ ಮದುವೆಯಲ್ಲಿ ಇನ್ನೊಬ್ಬ ಹುಡುಗನ ಕೈಗೆ ಗ್ಲಾಸ್ ಹೋಗಬಾರದು ಅಂತ.

ಸೆಂಟರ್ ಬೇಡ ಅಂದೆ. ಇದಕ್ಕೆ ನನ್ನನ್ನು ಬೈದವರಿದ್ದಾರೆ. ಸುಮ್ನೆ ಹೇಳಿದ್ದಲ್ಲ, ಡಾಕ್ಟರಿಗೆ ತೋರಿಸಿಯೇ ಹೇಳಿದ್ದು. ದಿನಾ ಕುಡಿದು, ಬೆಳಿಗ್ಗೆ ಕೈ ನಡುಗುವವರನ್ನು ನಾನು ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಕಲಸಿಹೋಗಬಹುದು, ಜೀವಕ್ಕೇ ಅಪಾಯ. ಇವನಿಗೆ ಅದಿರಲಿಲ್ಲ. ಆರು ತಿಂಗಳು ದೂರ ಇಟ್ಟು ಕರೆತಂದರೆ ಅದೇ ಬೀದಿ, ಅದೇ ಬೀಗ, ಅದೇ ರೂಮ್ ಅಲ್ವಾ?

ಹೋಂಸ್ಟೇ ಮಾಲೀಕರಿಗೆ ಉಳಿದ ಬಾಟಲಿ ಹುಡುಗರ ಕೈಗೆ ಕೊಡಬೇಡಿ ಅಂತ ಮಾವನೇ ಹೇಳಿದರು. ಸಂಘದ ಹಾಲ್‌ನ ಬೀಗ ತೆಗೆಸೋಕೆ ಜಾಸ್ತಿ ದಿನ ಹಿಡಿಯಿತು. ಅಮ್ಮ ಬೀದಿಯ ನಾಲ್ಕು ಮನೆ ತಿರುಗಿದರು. ಈಗ ಆರರಿಂದ ಒಂಬತ್ತರವರೆಗೆ ತೆರೆದಿರುತ್ತದೆ. ಕೇರಂ ಬೋರ್ಡ್, ಒಂದು ಶಟಲ್ ನೆಟ್, ಸರದಿಯಲ್ಲಿ ಒಬ್ಬರು ದೊಡ್ಡವರು.

ಹುಡುಗ ಒಂದು ಸಲ ಜಾರಿ ಮತ್ತೆ ಕುಡಿದ, ರಾತ್ರಿ ಹನ್ನೊಂದಕ್ಕೆ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ತಾನೇ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದ. ಮಾರನೇ ದಿನ ನನ್ನ ಹತ್ತಿರ ಬಂದ. ಈಗಲೂ ಬರುತ್ತಾನೆ.

ಸೆಂಟರ್ ವಿಳಾಸ ಕೇಳಿ ಮೊನ್ನೆ ಇನ್ನೊಬ್ಬ ತಾಯಿ ಬಂದಿದ್ದರು. ನಿಮ್ಮ ಬೀದಿಯ ಹಾಲ್ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ಕೇಳಿದೆ.