ತರಕಾರಿ ಮುಟ್ಟದ ಮೂರು ವರ್ಷದ ಮಗಳಿಗೆ ಆಟದಂಥ ತಿಂಡಿ ಏನು ಮಾಡಲಿ?

ಕ್ಯಾರೆಟ್‌ನಲ್ಲಿ ಚಿಟ್ಟೆ, ನಕ್ಷತ್ರ ಕತ್ತರಿಸುವ ಅಚ್ಚು ತರಿಸಲಾ, ಇಲ್ಲ ತರಕಾರಿ ರುಬ್ಬಿ ದೋಸೆ ಹಿಟ್ಟಿಗೆ ಸೇರಿಸಿಬಿಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಎರಡನ್ನೂ ಮಾಡಿ ಕೈ ಸುಟ್ಟುಕೊಂಡವನು ನಾನು.

ಮಡಿಕೇರಿ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಅಡುಗೆ ನನ್ನದೇ. ಟೊಮ್ಯಾಟೊ ಸಿಪ್ಪೆ ಸುತ್ತಿ ಗುಲಾಬಿ ಮಾಡುವುದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಮಗನಿಗೆ ನಾಲ್ಕು ತುಂಬಿದಾಗ ಈ ವಿದ್ಯೆಯನ್ನೆಲ್ಲ ಅವನ ತಟ್ಟೆಗೆ ಸುರಿದೆ. ಸೌತೆಕಾಯಿ ದೋಣಿ, ಕ್ಯಾರೆಟ್ ಚಕ್ರದ ಬಸ್ಸು, ಬಟಾಣಿ ಕಣ್ಣಿನ ಗೂಬೆ. ಅವನಿಗೆ ಖುಷಿಯೋ ಖುಷಿ. ಬಸ್ಸು ತಟ್ಟೆಯಿಂದ ಮೇಜಿಗೆ, ಮೇಜಿನಿಂದ ಜಗಲಿಗೆ ಹೋಯಿತು. ಕೊನೆಗೆ ಚಕ್ರ ತಿಂದದ್ದು ನಮ್ಮ ನಾಯಿ.

ನಿಜವಾದ ತಪ್ಪು ಮಾಡಿದ್ದು ಇದಾದ ಮೇಲೆ. ಅವನಿಗೆ ಕಡಂಬುಟ್ಟು ಅಂದರೆ ಪ್ರಾಣ. ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ ಹಬೆಯಲ್ಲಿಡುವ ನಮ್ಮ ಕಡೆಯ ಕಡುಬು ಅದು. ತರಿಯೂ ಬಿಳಿ, ಹೂಕೋಸೂ ಬಿಳಿ, ಯಾರಿಗೆ ಗೊತ್ತಾಗುತ್ತೆ ಅಂತ ಹೂಕೋಸು ಬೇಯಿಸಿ, ನುಣ್ಣಗೆ ರುಬ್ಬಿ ಬೆರೆಸಿದೆ. ಎರಡು ವಾರ ನಡೆಯಿತು. ಹೆಂಡತಿ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ.

ಜುಲೈ ಮಳೆ. ಒಂದು ಬೆಳಿಗ್ಗೆ ಕರೆಂಟ್ ಇಲ್ಲ. ಮಿಕ್ಸಿ ಇಲ್ಲದೆ ಸೌಟಿನಲ್ಲೇ ಮಸೆದು ಹಾಕಿದೆ. ಮಗ ಉಂಡೆ ಕಚ್ಚಿದ, ನಿಲ್ಲಿಸಿದ, ಬಾಯೊಳಗೆ ಬೆರಳು ಹಾಕಿ ಅಕ್ಕಿಕಾಳಿನಷ್ಟು ದಪ್ಪದ ತುಣುಕೊಂದನ್ನು ತೆಗೆದ. "ಅಪ್ಪ, ಇದೇನು?"

"ತೆಂಗಿನಕಾಯಿ" ಅಂದೆ.

ಮೂಸಿ ನೋಡಿದ. "ಅಲ್ಲ, ಹೂಕೋಸು."

ಆ ಒಂದು ಸುಳ್ಳಿನ ಬೆಲೆ ಮೂರು ತಿಂಗಳು. ಕಡಂಬುಟ್ಟು ಕೊಟ್ಟರೆ ಹೆಬ್ಬೆರಳಿನಿಂದ ಒಡೆದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನೋಡುತ್ತಿದ್ದ. ಆಮೇಲೆ ಒಡೆಯುವುದನ್ನೂ ಬಿಟ್ಟ, ತಟ್ಟೆ ದೂರ ತಳ್ಳಿದ. ಇಡ್ಲಿಗೂ ಅನುಮಾನ, ಹಾಲಿಗೂ ಅನುಮಾನ. ಇದ್ದ ಒಂದೇ ಒಳ್ಳೆಯ ತಿಂಡಿಯನ್ನೂ ನಾನೇ ಕೆಡಿಸಿದ್ದೆ. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಎರಡು ವಾರ ದಿನಾ ಹೂಕೋಸು ತಿಂದರೂ ಅವನ ನಾಲಿಗೆಗೆ ಹೂಕೋಸಿನ ಪರಿಚಯವೇ ಆಗಿರಲಿಲ್ಲ. ಹೊಸ ರುಚಿ ಒಗ್ಗಲು ಮಕ್ಕಳಿಗೆ 8–10 ಸಲ, ಕೆಲವೊಮ್ಮೆ 15 ಸಲವೂ ಬೇಕು ಅಂತ ಡಾಕ್ಟರ್‌ಗಳು ಹೇಳುತ್ತಾರಲ್ವಾ? ಬಚ್ಚಿಟ್ಟು ತಿನ್ನಿಸಿದ್ದು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಸಿಕ್ಕಿಬಿದ್ದೆ ಅಂತ ಈ ಮಾತು ಹೇಳುತ್ತಿಲ್ಲ. ಸಿಕ್ಕಿಬೀಳದಿದ್ದರೂ ಅಷ್ಟೇ.

ದಾರಿ ಸಿಕ್ಕಿದ್ದು ಈ ಮೂರು ತಿಂಗಳ ನಡುವೆಯೇ, ಆಗಸ್ಟ್ 3ರಂದು, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಹೆಂಡತಿಯ ತವರಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಔಷಧಿ ಅಂತ ಆ ದಿನ ಕೊಡಗಿನಲ್ಲಿ ತಿನ್ನುವ ಸೊಪ್ಪು ಅದು. ಸೊಪ್ಪನ್ನು ಕುದಿಸಿ ಸೋಸಿದರೆ ಕಡು ನೇರಳೆ ನೀರು ಬರುತ್ತೆ, ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿ ಹಾಕುವುದು. ನಮ್ಮವನು ಮುಖ ತಿರುಗಿಸಿ ಕೂತಿದ್ದ. ನನ್ನ ಭಾವನ ಮಗ ಅವನ ಕಿವಿಯಲ್ಲಿ "ಇದು ತಿಂದ್ರೆ ನಾಳೆ ಸುಸ್ಸು ಕೆಂಪಗೆ ಬರುತ್ತೆ" ಅಂದ. ಎರಡು ಬಟ್ಟಲು ಖಾಲಿ! ಮಾರನೇ ಬೆಳಿಗ್ಗೆ ಬಚ್ಚಲಿಂದ ಅವನ ಕೂಗು ಕೇಳಿ ಮನೆಯವರೆಲ್ಲ ಓಡಿದೆವು. ಸೊಪ್ಪಿನ ಬಣ್ಣವೇ ಹಾಗೆ, ಕೆಂಪಗೆ ಇಳಿಯುತ್ತೆ.

ಬಚ್ಚಿಡದೆ ಕೊಟ್ಟರೂ, ತಮಾಷೆ ಇದ್ದರೆ ತಿನ್ನುತ್ತಾನೆ ಅಂತ ಆಗ ಗೊತ್ತಾಯಿತು. ಅಲ್ಲಿಂದ ಅಲಂಕಾರ ಬಿಟ್ಟೆ. ಚಾಕು ಬಿಟ್ಟು ಮಿಕ್ಕ ಕೆಲಸವೆಲ್ಲ ಅವನ ಕೈಗೆ. ಎಲ್ಲಕ್ಕಿಂತ ಗೆದ್ದದ್ದು ಬೆಂಡೆಕಾಯಿ ಮುದ್ರೆ. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿದರೆ ಐದು ಮೂಲೆಯ ಹೂವು ತಾನಾಗಿ ಸಿಗುತ್ತೆ, ನಿಮ್ಮ ಅಚ್ಚಿನ ಸೆಟ್ ಏತಕ್ಕೆ? ಬೀಟ್‌ರೂಟ್ ತುರಿದು ಹಿಂಡಿದ ರಸದಲ್ಲಿ ಅದನ್ನು ಅದ್ದಿ, ಬಿಸಿ ಆರಿದ ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಮೇಲೆ ಒತ್ತುವುದು. ಒಟ್ಟಿ ತುಂಬ ಕೆಂಪು ಹೂವು. ರಸ ನೀರಾಗಿದ್ದರೆ ಹರಡುತ್ತೆ, ಅದಕ್ಕೆ ಗಟ್ಟಿ ರಸವೇ ಬೇಕು. ಮುದ್ರೆ ಒತ್ತಿ ಮುಗಿದ ಬೆಂಡೆಕಾಯಿಯನ್ನು ಎಣ್ಣೆಯಲ್ಲಿ ಗರಿಗರಿ ಹುರಿದು ಪಕ್ಕದಲ್ಲಿಡಿ, ಸುಮ್ನೆ ಇಡಿ, ತಿನ್ನು ಅನ್ನಬೇಡಿ.

ಕಡಂಬುಟ್ಟು ಕೂಡ ಹೀಗೇ ವಾಪಸ್ ಬಂತು, ಬೀಟ್‌ರೂಟ್ ಬಣ್ಣದಲ್ಲಿ. ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು ಹಾಕುವ ಕಡೆ ಎರಡು ಲೋಟ ನೀರು, ಅರ್ಧ ಲೋಟ ಬೀಟ್‌ರೂಟ್ ರಸ. ಅವನ ಕಣ್ಣೆದುರೇ ಸುರಿದೆ. ಬೆಂದ ಮೇಲೆ ಬಣ್ಣ ಮಂಕಾಗುತ್ತೆ, ನಾಲ್ಕು ಹನಿ ನಿಂಬೆರಸ ಹಾಕಿದರೆ ಸ್ವಲ್ಪ ನಿಲ್ಲುತ್ತೆ. ಉಂಡೆ ಕಟ್ಟಿದ್ದು ಅವನೇ. ಸೊಟ್ಟ ಸೊಟ್ಟ ಇದ್ದವು. ತಾನು ಕಟ್ಟಿದ್ದನ್ನು ಒಡೆದು ನೋಡಲಿಲ್ಲ.

ನಿಮ್ಮ ಮಗಳಿಗೆ ಮೂರೇ ವರ್ಷ. ಹಸಿ ಕ್ಯಾರೆಟ್ ಬಿಲ್ಲೆ, ಇಡೀ ಚೆರ್ರಿ ಟೊಮ್ಯಾಟೊ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಕ್ಯಾರೆಟ್ ಅನ್ನು ಬೆರಳುದ್ದ ಸೀಳಿ ಮೆತ್ತಗೆ ಬೇಯಿಸಿ. ತಿಂಡಿಗೆ ಟೂತ್‌ಪಿಕ್ ಚುಚ್ಚುವುದೂ ಬೇಡ.

ಹೂಕೋಸು ಈಗ ತಿನ್ನುತ್ತಾನಾ ಅಂತ ಕೇಳುತ್ತೀರೇನೋ. ಗೋಬಿ ಮಂಚೂರಿ ಆದರೆ ತಿನ್ನುತ್ತಾನೆ. ಕಡಂಬುಟ್ಟಿನ ಪಕ್ಕ ತೆಂಗಿನಕಾಯಿ ಚಟ್ನಿ ಇಟ್ಟರೆ ಮಾತ್ರ ಇವತ್ತಿಗೂ ನನ್ನ ಮುಖ ನೋಡಿ, "ನಿಜವಾಗಲೂ ತೆಂಗಿನಕಾಯಾ?" ಅಂತಾನೆ.