ಸಾಣೆ ಹಿಡಿದ ಮೇಲೂ ಡ್ರಿಲ್ ಬಿಟ್ ಯಾಕೆ ಕೊರೆಯುತ್ತಿಲ್ಲ?

ಮನೆಯ ಶೆಡ್ಡಿನಲ್ಲಿ 6 ಇಂಚಿನ ಬೆಂಚ್ ಗ್ರೈಂಡರ್ ಇದೆ, ಮೊಂಡಾದ ಬಿಟ್‌ಗಳನ್ನು ಅದರಲ್ಲೇ ಸಾಣೆ ಹಿಡಿದೆ, ತುದಿ ಚೂಪಾಗಿ ಹೊಳೆಯುತ್ತಿದೆ, ಆದ್ರೂ ಕಬ್ಬಿಣದ ಪಟ್ಟಿಯ ಮೇಲಿಟ್ಟರೆ ಕೀರಲು ಸದ್ದು ಮತ್ತು ಹೊಗೆ ಬಿಟ್ಟು ಬೇರೇನೂ ಬರುತ್ತಿಲ್ಲ, ಜಿಗ್ (ಸಾಣೆ ಹಿಡಿಯುವಾಗ ಬಿಟ್ಟನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಸಾಧನ) ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ನಾನು ಫಿಟ್ಟರ್ ಕೆಲಸ ಕಲಿತವನು. ಬಿಟ್ ಸಾಣೆ ಹಿಡಿಯುವುದು ಈಗಲೂ ನನಗೆ ತುಂಬಾ ಇಷ್ಟದ ಕೆಲಸ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಿಮ್ಮ ಬಿಟ್‌ನ ತುದಿ ಚೂಪಾಗೇ ಇರಬಹುದು. ತೊಂದರೆ ಇರುವುದು ಕತ್ತರಿಸುವ ಅಂಚಿನ ಹಿಂದೆ. ಪೆನ್ಸಿಲ್ ಕೆತ್ತಿದ ಹಾಗೆ ಸುತ್ತ ಒಂದೇ ಸಮ ಉಜ್ಜಿದರೆ ನೋಡಲು ಚೂಪಾಗುತ್ತದೆ, ಆದರೆ ಕೊರೆಯುವುದಿಲ್ಲ. ಯಾಕೆ ಅಂದ್ರೆ ಡ್ರಿಲ್ ಬಿಟ್ ಚುಚ್ಚುವ ಸಾಮಾನಲ್ಲ. ಅದರ ತುದಿಯಲ್ಲಿ ಎರಡು ಅಂಚುಗಳಿವೆ. ಒಂದೊಂದೂ ಒಂದು ಉಳಿಯ ಕೆಲಸ ಮಾಡುತ್ತದೆ. ಅಂಚಿನ ಹಿಂದಿನ ಭಾಗ ಅಂಚಿಗಿಂತ ತಗ್ಗಿನಲ್ಲಿ ಇದ್ದರೆ ಮಾತ್ರ ಆ ಅಂಚು ಲೋಹಕ್ಕೆ ಇಳಿಯುತ್ತದೆ. ಹಿಂಭಾಗವೂ ಅಂಚಿನಷ್ಟೇ ಎತ್ತರದಲ್ಲಿದ್ದರೆ ಅದೂ ಪಟ್ಟಿಗೆ ತಾಗಿ ಅಂಚನ್ನು ಒಳಗೆ ಇಳಿಯಲು ಬಿಡುವುದಿಲ್ಲ, ಇನ್ನೂ ಎತ್ತರವಿದ್ದರೆ ಅಂಚು ಗಾಳಿಯಲ್ಲೇ ನಿಲ್ಲುತ್ತದೆ. ಆಗ ನೀವು ಎಷ್ಟೇ ಭಾರ ಹಾಕಿದರೂ ಬರೀ ಉಜ್ಜಾಟ. ನಿಮ್ಮ ಹೊಗೆ ಬಂದಿದ್ದು ಅಲ್ಲಿಂದಲೇ ಅನ್ನುವುದು ನನ್ನ ಅಂದಾಜು.

ಈ ತಗ್ಗಿಗೆ ವರ್ಕ್‌ಶಾಪಿನಲ್ಲಿ ಕ್ಲಿಯರೆನ್ಸ್ ಅನ್ನುತ್ತಾರೆ. ಸಾಮಾನ್ಯ ಕೆಲಸಕ್ಕೆ 8ರಿಂದ 12 ಡಿಗ್ರಿ ಇದ್ದರೆ ಸಾಕು, ಸಣ್ಣ ಬಿಟ್‌ಗಳಿಗೆ ಸ್ವಲ್ಪ ಜಾಸ್ತಿ. ಎಲ್ಲರೂ 118 ಡಿಗ್ರಿ, 118 ಡಿಗ್ರಿ ಅಂತ ಹೇಳುತ್ತಾರಲ್ಲ, ಅದು ತುದಿಯ ಎರಡು ಅಂಚುಗಳ ನಡುವಿನ ಕೋನ. ಅದು 115 ಆಗಲಿ, 122 ಆಗಲಿ, ಮನೆಯ ಕೆಲಸಕ್ಕೆ ಏನೂ ಆಗುವುದಿಲ್ಲ. ಕ್ಲಿಯರೆನ್ಸ್ ಸೊನ್ನೆಯಾದರೆ ಮಾತ್ರ ಬಿಟ್ ಒಂದು ಕೂದಲಷ್ಟೂ ಮುಂದೆ ಹೋಗುವುದಿಲ್ಲ.

ಹೌದೋ ಅಲ್ಲವೋ ಈಗಲೇ ನೋಡಿಬಿಡಿ. ಬಿಟ್‌ನ ತುದಿಯ ಇಳಿಜಾರಿಗೆಲ್ಲ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಕಬ್ಬಿಣದ ಪಟ್ಟಿಯ ಮೇಲೆ ಅರ್ಧಂಬರ್ಧ ಕೊರೆದ ತೂತಿದ್ದರೆ ಅದರಲ್ಲಿ ನೆಟ್ಟಗೆ ಇಟ್ಟು, ಸ್ವಲ್ಪ ಒತ್ತಿ, ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ. ತೆಗೆದು ಬೆಳಕಿಗೆ ಹಿಡಿಯಿರಿ. ಕಪ್ಪು ಬಣ್ಣ ಅಂಚಿನಲ್ಲಿ ಅಳಿಸಿದ್ದರೆ ಸರಿ. ಅಂಚಿನಲ್ಲಿ ಹಾಗೇ ಉಳಿದು ಹಿಂದೆ ಅಳಿಸಿದ್ದರೆ ಕ್ಲಿಯರೆನ್ಸ್ ಇಲ್ಲ ಅಂತಲೇ. ಇನ್ನೊಂದು ಗುರುತು ತುದಿಯನ್ನು ನೇರ ಮೇಲಿಂದ ನೋಡಿದರೆ ಸಿಗುತ್ತದೆ. ಎರಡು ಅಂಚುಗಳ ನಡುವೆ ಒಂದು ಚಿಕ್ಕ ಗೆರೆ ಇರುತ್ತದೆ, ಅದು ಚಿಸೆಲ್ ಎಡ್ಜ್. ಸರಿಯಾದ ಬಿಟ್‌ನಲ್ಲಿ ಈ ಗೆರೆ ಅಂಚಿಗೆ ಓರೆಯಾಗಿ, ಸುಮಾರು 120ರಿಂದ 135 ಡಿಗ್ರಿಯಲ್ಲಿ ಇರುತ್ತದೆ. ಅಡ್ಡಡ್ಡ, 90 ಡಿಗ್ರಿಗೆ ಹತ್ತಿರ ಕೂತಿದ್ದರೆ ಹಿಂಭಾಗ ಇನ್ನೂ ತಗ್ಗಿಲ್ಲ.

ಈಗ ಕೈಚಳಕದ ವಿಷಯ. ಗ್ರೈಂಡರ್ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಇನ್ನೂ ಬಳಸದ, ಕಂಪನಿಯಿಂದ ಬಂದ ಹಾಗೇ ಇರುವ 10 ಮಿ.ಮೀ. ಬಿಟ್ ಒಂದನ್ನು ಕೈಗೆ ತಗೊಳ್ಳಿ. ಮೆಷಿನ್ ಆಫ್ ಇರಲಿ. ನಿಂತ ಕಲ್ಲಿಗೆ ಅದರ ಅಂಚನ್ನು ತಾಗಿಸಿ, ಕಲ್ಲಿನಿಂದ ಬಿಡಿಸದೆ ಅಂಚಿನಿಂದ ಹಿಂಭಾಗದ ತನಕ ಉರುಳಿಸಿಕೊಂಡು ಹೋಗಿ. ಕೈ ಯಾವ ದಾರಿಯಲ್ಲಿ ಹೋಯಿತೋ ಅದೇ ನೀವು ಕಲಿಯಬೇಕಾದ ಚಲನೆ. ಯಾವ ವಿಡಿಯೋ ನೋಡಿದರೂ ಇದು ಇಷ್ಟು ಬೇಗ ಕೈಗೆ ಹತ್ತುವುದಿಲ್ಲ. ಕಣ್ಣು ಮುಚ್ಚಿಕೊಂಡೂ ಬರುವ ತನಕ ಸುಮ್ನೆ ಹೀಗೇ ಮಾಡುತ್ತಿರಿ.

ಬಾಯಲ್ಲಿ ಹೇಳಬೇಕು ಅಂದ್ರೆ ಅದು ಹೀಗೆ. ಬಲಗೈ ಬೆರಳುಗಳು ತುದಿಯ ಹತ್ತಿರ, ಗ್ರೈಂಡರಿನ ಟೂಲ್ ರೆಸ್ಟ್ (ಕಲ್ಲಿನ ಮುಂದಿರುವ ಆಸರೆ ಪಟ್ಟಿ) ಮೇಲೆ ಊರಿರಲಿ. ಎಡಗೈಯಲ್ಲಿ ಶ್ಯಾಂಕ್, ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ಹಿಂದಿನ ಭಾಗ, ಹಿಡಿಯಿರಿ. ಶ್ಯಾಂಕನ್ನು ನಿಮ್ಮ ಎಡಕ್ಕೆ ಸರಿಸಿ, ಬಿಟ್ ಕಲ್ಲಿನ ಮುಖಕ್ಕೆ ಸುಮಾರು 59 ಡಿಗ್ರಿಯಲ್ಲಿ, ಅಂದರೆ 118ರ ಅರ್ಧದಲ್ಲಿ, ಓರೆಯಾಗಿ ನಿಲ್ಲಲಿ. ರೆಸ್ಟ್ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದುಕೊಂಡರೆ ಪ್ರತಿ ಸಲ ಅದೇ ಓರೆ ಸಿಗುತ್ತದೆ. ಉಜ್ಜಬೇಕಾದ ಅಂಚು ನೆಲಕ್ಕೆ ಸಮವಾಗಿ ಮಲಗಿರಬೇಕು, ಅದರ ಫ್ಲೂಟ್ (ಬಿಟ್ ಮೈಮೇಲಿನ ಸುರುಳಿ ಕಾಲುವೆ) ಮೇಲ್ಮುಖವಾಗಿ ನಿಮಗೆ ಕಾಣುತ್ತಿರಬೇಕು. ಮೊದಲು ಅಂಚನ್ನು ಮೆಲ್ಲಗೆ ತಾಗಿಸಿ. ತಾಗಿದ ಕೂಡಲೇ ಎಡಗೈಯನ್ನು ಕೆಳಗಿಳಿಸುತ್ತಾ ಬನ್ನಿ. ಜೊತೆಗೆ ಶ್ಯಾಂಕ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತುಸು ತಿರುಗಿಸಿ. ತುಸುವೇ ಸಾಕು, ಜಾಸ್ತಿ ತಿರುಗಿಸಿದರೆ ಆಚೆ ಬದಿಯ ಅಂಚು ಬಂದು ಕಲ್ಲಿಗೆ ಬಡಿದು ಹಾಳಾಗುತ್ತದೆ. ಒಂದು ಮಾತು ನೆನಪಿರಲಿ. ಶ್ಯಾಂಕ್ ಸಮಮಟ್ಟದಿಂದ ಕೆಳಗೇ ಹೋಗಬೇಕು, ಮೇಲಕ್ಕೆ ಎದ್ದೇಳಬಾರದು. ಮೇಲೆದ್ದರೆ ಅಂಚೇ ಸವೆದು ಹಿಂಭಾಗ ಎತ್ತರವಾಗುತ್ತದೆ, ನೀವು ಪುನಃ ಹೊಗೆಯ ಹತ್ತಿರ ಬಂದು ನಿಲ್ಲುತ್ತೀರಿ.

ಒಂದು ಬದಿ ಒಂದು ಸಲ, ಇನ್ನೊಂದು ಬದಿ ಒಂದು ಸಲ, ಹೀಗೆ ಬದಲಾಯಿಸುತ್ತಾ ಉಜ್ಜಿ. ಒಂದನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎರಡರ ಉದ್ದ ಯಾವತ್ತೂ ಒಂದೇ ಆಗುವುದಿಲ್ಲ. ಉದ್ದ ಹೆಚ್ಚುಕಡಿಮೆ ಆದರೆ ಬಿಟ್‌ನ ಮೊನೆ ನಡುಮಧ್ಯದಿಂದ ಪಕ್ಕಕ್ಕೆ ಹೋಗುತ್ತದೆ, ತೂತು ದೊಡ್ಡದಾಗುತ್ತದೆ. 8 ಮಿ.ಮೀ. ಬಿಟ್‌ನಲ್ಲಿ ಕೊರೆದ ತೂತಿನಲ್ಲಿ 8 ಮಿ.ಮೀ. ಬೋಲ್ಟ್ ಲೊಡಲೊಡ ಅಂದರೆ ಕಾರಣ ಹೆಚ್ಚಾಗಿ ಇದೇ.

ಅಳೆಯಲು ಗೇಜ್ ಬೇಡ. ಒಂದೇ ಅಳತೆಯ ಎರಡು ಷಟ್ಕೋನದ ನಟ್ಟು ತಗೊಂಡು ಚಪ್ಪಟೆ ಬದಿಗಳು ಒಂದಕ್ಕೊಂದು ಅಂಟುವ ಹಾಗೆ ಪಕ್ಕಪಕ್ಕ ಇಡಿ. ನಡುವೆ ಉಂಟಾಗುವ ವಿ ಆಕಾರದ ಕಚ್ಚು ಸರಿಯಾಗಿ 120 ಡಿಗ್ರಿ. ಬಿಟ್‌ನ ತುದಿಯನ್ನು ಅದರಲ್ಲಿ ಕೂರಿಸಿ ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಎರಡೂ ಕಡೆ ಸಂದಿ ಇಲ್ಲದೆ ಕೂತರೆ ನಿಮ್ಮ ಕೋನ ಸಾಕಷ್ಟು ಸರಿ ಇದೆ. ನಟ್ಟುಗಳನ್ನು ಒಟ್ಟಿಗೆ ವೆಲ್ಡ್ ಮಾಡಿಸಿ ಗ್ರೈಂಡರ್ ಪಕ್ಕ ನೇತುಹಾಕಿಕೊಂಡರೆ ಇನ್ನೂ ಒಳ್ಳೆಯದು. ಅಂಚಿನ ಉದ್ದಕ್ಕೆ ಸ್ಟೀಲ್ ಸ್ಕೇಲ್ ಸಾಕು.

ಎಲ್ಲಿ ತನಕ ಉಜ್ಜಬೇಕು? ಅಂಚನ್ನು ದೀಪದ ಕೆಳಗೆ ಓರೆ ಮಾಡಿ ನೋಡಿ. ಮೊಂಡಾದ ಅಂಚಿನ ಮೇಲೆ ಸಣ್ಣ ಬಿಳಿ ಗೆರೆ ಮಿನುಗುತ್ತದೆ. ಹರಿತವಾದ ಅಂಚಿಗೆ ಬೆಳಕನ್ನು ತಿರುಗಿಸಲು ಅಗಲವೇ ಇರುವುದಿಲ್ಲ, ಅದು ಕಾಣುವುದೇ ಇಲ್ಲ. ಹೊರಗಿನ ಮೂಲೆಯನ್ನು ವಿಶೇಷವಾಗಿ ನೋಡಿ. ಬಿಟ್‌ನ ಆ ಜಾಗ ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ, ಮೊದಲು ಸವೆಯುವುದೂ ಅದೇ. ಅಲ್ಲಿ ಗುಂಡಗಾಗಿರುವ ಭಾಗ ಪೂರ್ತಿ ಹೋಗುವ ತನಕ ಉಜ್ಜಲೇಬೇಕು. ಬಿಟ್ ಒಂದೆರಡು ಮಿಲಿಮೀಟರ್ ಗಿಡ್ಡವಾಗುತ್ತದೆ, ಆಗಲಿ ಬಿಡಿ.

ಬಿಸಿಯ ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅಡಿಸನ್, ಮಿರಾಂಡಾ ಥರದ ಒಳ್ಳೆಯ ಎಚ್‌ಎಸ್‌ಎಸ್ ಬಿಟ್ ಸುಮಾರು 600 ಡಿಗ್ರಿ ಸೆಲ್ಸಿಯಸ್ ತನಕ ಗಟ್ಟಿತನ ಬಿಟ್ಟುಕೊಡುವುದಿಲ್ಲ. ಅದಕ್ಕೇ ಅದಕ್ಕೆ ಹೈ ಸ್ಪೀಡ್ ಸ್ಟೀಲ್ ಅನ್ನುವುದು. ಸಾಣೆಯಲ್ಲಿ ಸ್ವಲ್ಪ ಬಣ್ಣ ಬಂದರೆ ಅದು ಸತ್ತುಹೋಗಲಿಲ್ಲ. ಆದರೆ ಸೆಟ್ಟಿನಲ್ಲಿ ಅಗ್ಗಕ್ಕೆ ಬರುವ ಮಾಮೂಲಿ ಕಾರ್ಬನ್ ಸ್ಟೀಲಿನ ಬಿಟ್ ನೀಲಿ ಬಣ್ಣಕ್ಕೆ ತಿರುಗಿದರೆ ಟೆಂಪರ್, ಅಂದರೆ ಗಟ್ಟಿತನ, ಹೋಯಿತು. ಆ ನೀಲಿ ಭಾಗ ಪೂರ್ತಿ ಉಜ್ಜಿ ತೆಗೆಯದೆ ಅದು ಕೆಲಸಕ್ಕೆ ಬಾರದು. ಎರಡಕ್ಕೂ ಒಂದೇ ಅಭ್ಯಾಸ ಇಟ್ಟುಕೊಳ್ಳಿ. ಬೆರಳಿಗೆ ಬಿಸಿ ತಾಗಿತು ಅಂದ ಕೂಡಲೇ ನಿಲ್ಲಿಸಿ, ಪಕ್ಕದ ನೀರಿನ ಡಬ್ಬಿಯಲ್ಲಿ ಅದ್ದಿ. ಕೆಂಪಗೆ ಕಾಯಿಸಿ ಚೊಂಯ್ ಅಂತ ನೀರಿಗೆ ಹಾಕಬೇಡಿ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಕಲ್ಲಿನ ಮುಖ ನುಣುಪಾಗಿ ಹೊಳೆಯುತ್ತಿದ್ದರೂ ಬಿಟ್ ಬೇಗ ಕಾಯುತ್ತದೆ. ವೀಲ್ ಡ್ರೆಸರ್ (ಕಲ್ಲಿನ ಮುಖ ಕೆರೆಯುವ ಸಾಧನ) ತಂದು ಮುಖ ಬಿಡಿಸಿಕೊಳ್ಳಿ. ಬಿಟ್‌ಗೆ 60 ಅಥವಾ 80 ಗ್ರಿಟ್ ಕಲ್ಲು ಸರಿಹೋಗುತ್ತದೆ.

ಜೀವಕ್ಕೆ ಸಂಬಂಧಪಟ್ಟ ಕೆಲವು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ರಕ್ಷಣೆಯ ಕನ್ನಡಕ ಹಾಕದೆ ಗ್ರೈಂಡರ್ ಮುಂದೆ ನಿಲ್ಲಬೇಡಿ. ಗ್ಲೌಸ್ ಹಾಕಲೇಬೇಡಿ, ಕಲ್ಲು ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ರೆಸ್ಟ್ ಮತ್ತು ಕಲ್ಲಿನ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದಿ ಇರಬಾರದು. ಸ್ವಿಚ್ ಹಾಕುವಾಗ ಪಕ್ಕಕ್ಕೆ ನಿಂತು ಕಲ್ಲು ಪೂರ್ತಿ ವೇಗಕ್ಕೆ ಬರಲು ಬಿಡಿ. ಕಲ್ಲಿನ ದುಂಡನೆಯ ಮುಖದಲ್ಲಿ ಮಾತ್ರ ಉಜ್ಜಿ, ಚಪ್ಪಟೆ ಬದಿಗೆ ಒತ್ತಬೇಡಿ. ಬೆಂಚ್ ಗ್ರೈಂಡರ್ ಇಲ್ಲದವರು 4 ಇಂಚಿನ ಆ್ಯಂಗಲ್ ಗ್ರೈಂಡರಿನ ಕಟಿಂಗ್ ವೀಲಿನ ಬದಿಯಲ್ಲಿ ಬಿಟ್ ಉಜ್ಜುವುದನ್ನು ನೋಡಿದ್ದೇನೆ. ಆ ತೆಳು ವೀಲು ಬದಿಯ ಒತ್ತಡ ತಡೆಯಲು ಮಾಡಿದ್ದಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಆರ್‌ಪಿಎಂನಲ್ಲಿ ಅದು ಒಡೆದರೆ ಮುಖಕ್ಕೇ ಬರುತ್ತದೆ.

ಎಲ್ಲ ಬಿಟ್‌ನ ಮೇಲೂ ಇಷ್ಟು ಕಷ್ಟಪಡಬೇಕಾಗಿಲ್ಲ. 3 ಮಿ.ಮೀ.ಗಿಂತ ಸಣ್ಣದನ್ನು ಹೊಸದೇ ತನ್ನಿ, ಕಣ್ಣಿಗೂ ಕೈಗೂ ನಿಲುಕುವುದಿಲ್ಲ. 6ರಿಂದ ಮೇಲಿನದು ಖಂಡಿತ ಸಾಣೆಗೆ ಯೋಗ್ಯ. ಗೋಡೆ ಕೊರೆಯುವ ಬಿಟ್ ಬೇರೆಯೇ ಜಾತಿ. ಅದರ ತುದಿಯಲ್ಲಿರುವುದು ಕಾರ್ಬೈಡ್ ತುಂಡು, ಮಾಮೂಲಿ ಕಲ್ಲಿಗೆ ಅದು ಜಗ್ಗುವುದಿಲ್ಲ. ಹಸಿರು ಕಲ್ಲು ಅಥವಾ ಡೈಮಂಡ್ ವೀಲು ಬೇಕು, ಮತ್ತು ಬಿಸಿಯಾದಾಗ ನೀರಿಗೆ ಅದ್ದಬಾರದು, ಕಾರ್ಬೈಡ್ ಸೀಳುತ್ತದೆ.

ದಪ್ಪ ಬಿಟ್‌ಗಳನ್ನು ಹಲವು ಸಲ ಸಾಣೆ ಹಿಡಿದ ಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಬಿಟ್‌ನ ಒಳಗಿನ ದಿಂಡು ಹಿಂದಕ್ಕೆ ಹೋದ ಹಾಗೆ ದಪ್ಪವಾಗುತ್ತಾ ಹೋಗುತ್ತದೆ, ಆದ್ದರಿಂದ ಗಿಡ್ಡವಾದಷ್ಟೂ ಚಿಸೆಲ್ ಎಡ್ಜ್ ಉದ್ದವಾಗುತ್ತದೆ. ಆ ಗೆರೆ ಕತ್ತರಿಸುವುದಿಲ್ಲ, ಲೋಹವನ್ನು ಹಿಸುಕಿ ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ಕಲ್ಲಿನ ಮೂಲೆಯಲ್ಲಿ ಫ್ಲೂಟ್ ಒಳಗಿಂದ ತುಸು ತೆಗೆದು ಗೆರೆಯನ್ನು ಗಿಡ್ಡ ಮಾಡಬಹುದು. ಅಷ್ಟು ಕೈ ಕೂರುವ ತನಕ ಮೊದಲು ಸಣ್ಣ ಬಿಟ್‌ನಲ್ಲಿ ಪೈಲಟ್ ತೂತು ಕೊರೆದುಕೊಳ್ಳಿ, ಆ ಗೆರೆಯ ಉದ್ದದಷ್ಟು ಅಗಲ ಇದ್ದರೆ ಸಾಕು.

ಇನ್ನು ಅಷ್ಟು ಬೇಗ ಮೊಂಡಾಗಿದ್ದು ಯಾಕೆ ಅಂತಲೂ ನೋಡಬೇಕಲ್ವಾ. ಕೈ ಡ್ರಿಲ್ಲನ್ನು ಪೂರ್ತಿ ವೇಗದಲ್ಲಿ ಕಬ್ಬಿಣಕ್ಕೆ ಹಿಡಿದರೆ ಯಾವ ಬಿಟ್ಟೂ ಬಾಳುವುದಿಲ್ಲ. ಮೈಲ್ಡ್ ಸ್ಟೀಲಿಗೆ ಸುಲಭದ ಲೆಕ್ಕ: 8000ವನ್ನು ಬಿಟ್‌ನ ಮಿಲಿಮೀಟರಿನಿಂದ ಭಾಗಿಸಿ. 4 ಮಿ.ಮೀ.ಗೆ 2000 ಆರ್‌ಪಿಎಂ, 10 ಮಿ.ಮೀ.ಗೆ 800. ಸ್ಟೇನ್‌ಲೆಸ್‌ಗೆ ಅದರ ಅರ್ಧಕ್ಕಿಂತಲೂ ಕಡಿಮೆ, ಜೊತೆಗೆ ಗಟ್ಟಿಯಾಗಿ ಒತ್ತಬೇಕು. ಒತ್ತದೆ ಸುಮ್ನೆ ತಿರುಗಿಸಿದರೆ ಸ್ಟೇನ್‌ಲೆಸ್ ಮೇಲ್ಪದರ ಇನ್ನೂ ಗಟ್ಟಿಯಾಗಿಬಿಡುತ್ತದೆ. ಕಟಿಂಗ್ ಆಯಿಲ್ ಇಲ್ಲದಿದ್ದರೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ.

ಜಿಗ್ ಬಗ್ಗೆ: ಮೊದಲು ಕೈಯಲ್ಲೇ ಕಲಿಯಿರಿ. ಜಿಗ್‌ನಲ್ಲೂ ಬಿಟ್ಟನ್ನು ಎಷ್ಟು ತಿರುಗಿಸಿ ಕೂರಿಸಬೇಕು, ಎಷ್ಟು ಹೊರಗೆ ಬಿಡಬೇಕು ಅಂತ ನೀವೇ ತೀರ್ಮಾನಿಸಬೇಕು. ಕ್ಲಿಯರೆನ್ಸ್ ನೋಡಲು ಬರದಿದ್ದರೆ ಅದರಲ್ಲೂ ಇದೇ ಹೊಗೆ. ಒಂದೇ ಅಳತೆಯ ತುಂಬಾ ಬಿಟ್‌ಗಳನ್ನು ದಿನವೂ ಹಿಡಿಯುವವರಿಗೆ ಅದು ಲಾಭ.

ನಿಮ್ಮಲ್ಲಿರುವ ಮೊಂಡು ಬಿಟ್‌ಗಳಲ್ಲಿ 10 ಅಥವಾ 12 ಮಿ.ಮೀ.ನದನ್ನು ಆರಿಸಿ ಶುರು ಮಾಡಿ, ಅಂಚು ಚೆನ್ನಾಗಿ ಕಾಣುತ್ತದೆ. ಸಾಣೆ ಹಿಡಿದು, ಪಟ್ಟಿಗೆ ಸೆಂಟರ್ ಪಂಚ್ ಹೊಡೆದು, ಪಟ್ಟಿಯನ್ನು ವೈಸಿನಲ್ಲಿ ಬಿಗಿದು, ನಿಧಾನ ವೇಗದಲ್ಲಿ ಕೊರೆದು ನೋಡಿ. ಎರಡೂ ಫ್ಲೂಟ್‌ಗಳಿಂದ ಒಂದೇ ದಪ್ಪದ ಸುರುಳಿ ಬರಬೇಕು. ಒಂದರಿಂದ ಮಾತ್ರ ಬಂದರೆ ಆ ಅಂಚು ಇನ್ನೊಂದಕ್ಕಿಂತ ಎತ್ತರದಲ್ಲಿದೆ, ಅದನ್ನೇ ಇನ್ನೊಂದು ಸಲ ಕಲ್ಲಿಗೆ ಹಿಡಿಯಿರಿ. ಸುರುಳಿ ಬಾರದೆ ಪುಡಿ ಬಂದರೆ ಮಾರ್ಕರ್ ಪೆನ್ನು ತಗೊಂಡು ಹಿಂಭಾಗ ನೋಡಿ.