ಸೀಲ್ ಹೊಸದು, ಸೋರಿಕಿ ಹಳೇದು

ಪ್ರಶ್ನೆ: ನನ್ನ ಹಳೇ ಜೀಪಿನ ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್‌ನಿಂದ ಎಣ್ಣೆ ಸೋರುತ್ತದೆ. ಪಿನಿಯನ್ ಸೀಲ್ (ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವಲ್ಲಿನ ಎಣ್ಣೆ ತಡೆ) ಹೊಸದು ಹಾಕಿಸಿದರೂ ನಿಂತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮುಧೋಳ

ಉತ್ತರ: ಮತ್ತೊಂದು ಸೀಲ್ ತರಬ್ಯಾಡ್ರಿ ಸಾಹೇಬ್ರ. ಮೊದಲ ಬ್ರೀದರ್ ನೋಡ್ರಿ, ಆಕ್ಸಲ್ ಹೌಸಿಂಗ್ (ಡಿಫರೆನ್ಷಿಯಲ್ ಕುಂತ ಕವಚ) ಮ್ಯಾಲಿನ ಗಾಳಿ ಬಿಡೂ ಸಣ್ಣ ಟೊಪ್ಪಿಗಿ. ಕಬ್ಬಿನ ಹೊಲದ ಎರಿ ಮಣ್ಣು ಅದರಾಗ ಕುಂತ್ರ ಒಳಗ ಕಾದ ಗಾಳಿಗಿ ದಾರಿ ಇರಂಗಿಲ್ಲ. ಹೊಸಾ ಸೀಲಿನ ತುಟಿ ದಾಟಿಸಿ ಎಣ್ಣಿ ಹೊರಗ ದಬ್ಬತೈತಿ. ಬಿಚ್ಚಿ, ಡೀಸೆಲ್‌ನಾಗ ತೊಳದು, ಊದಿ ನೋಡ್ರಿ. ಹೌಸಿಂಗ್ ಒರಸಿ ಜಮಖಂಡಿತನಕ ಹೋಗಿ ಬರ್ರಿ. ಪಿನಿಯನ್ ಕಡೆ ಮತ್ತ ಹಸಿ ಆತಂದ್ರ, ಶಾಫ್ಟ್ ಜೋಡಿಸೂ ಫ್ಲೆಂಜ್ ಬಿಚ್ಚಿಸಿ ಸೀಲ್ ತಿಕ್ಕೂ ಜಾಗಕ್ಕ ಉಗುರು ಆಡಸ್ರಿ. ಗೆರಿ ತಟ್ಟಿದ್ರ ಫ್ಲೆಂಜೂ ಬದಲಿ. ಬ್ರೇಕ್ ಡ್ರಮ್ಮಿನಾಗ ಗಂಧಕದ ನಾತದ ಎಣ್ಣಿ ಕಂಡ್ರ ಅದು ಗಾಲಿ ಕಡೆ ಆಕ್ಸಲ್ ಸೀಲಿನ ಸೋರಿಕಿ, ಗಾಡಿ ಓಡಸಬ್ಯಾಡ್ರಿ. ಗೇರ್ ಎಣ್ಣಿ ಫಿಲ್ಲರ್ (ಎಣ್ಣಿ ಹಾಕೂ) ತೂತಿನ ಕೆಳಗಿನ ಅಂಚಿನತನಕ ಸಾಕು. ‘ಇನ್ನಷ್ಟು ಇರ್ಲಿ’ ಅನ್ನೂ ಮಿಸ್ತ್ರಿಗಿ ಕೈ ಮುಗೀರಿ.